ನಮ್ಮ ಕಡೇನೂ ಒಬ್ಬ ಸ್ಪೋರ್ಟಾಕಸ್ ಬೇಕ್ರಿ

ಲೇಜಿಟೌನ್ ಅನ್ನೋ ಮಕ್ಕಳ ಪ್ರೋಗ್ರಾಮ್ ಟಿವಿಗೆ ಬಂದದ್ದು 2004ರಾಗ, ಆದ್ರ ಇವತ್ತಿಗೂ ಅದರ ಹುಚ್ಚು ಇಳಿದಿಲ್ಲ. ನಾನು ಇರೋದು ಇಂಗ್ಲೆಂಡಿನ ಲೀಡ್ಸ್‌ನ್ಯಾಗ, ನಮ್ಮ ಮಗ ಸಣ್ಣಂವ ಇದ್ದಾಗ ಅದನ್ನ ನೋಡಕೋತ ಸೋಫಾ ಮ್ಯಾಲಿಂದ ಜಿಗಿತಿದ್ದ, ಈಗ ಜಮಖಂಡಿಯೊಳಗ ನಮ್ಮ ತಂಗಿ ಮಗಳು ಮೊಬೈಲ್‌ನ್ಯಾಗ ಅದನ್ನೇ ಹಚ್ಚಕೊಂಡು ಪಡಸಾಲ್ಯಾಗ ಲಾಗಾ ಹೊಡಿತಾಳ, ಅಕಿಗೆ ಇಂಗ್ಲಿಷ್ ಇನ್ನೂ ಅರ್ಧಂಬರ್ಧ.

ಅದನ್ನ ಹುಟ್ಟಿಸಿದಂವ ಐಸ್‌ಲ್ಯಾಂಡಿನ ಮಾಗ್ನಸ್ ಶೆವಿಂಗ್, ಏರೋಬಿಕ್ಸ್‌ನ್ಯಾಗ ಯುರೋಪ್ ಚಾಂಪಿಯನ್ ಆಗಿದ್ದ. ಅದರ ಹೀರೋ ಸ್ಪೋರ್ಟಾಕಸ್ ಪಾತ್ರಾನೂ ಅವನೇ ಮಾಡ್ಯಾನ. ಈ ಸ್ಪೋರ್ಟಾಕಸ್ ಯಾರಿಗೂ ಸೇಬು ತಿನ್ನು ಅಂತ ಗಂಟು ಬೀಳಂಗಿಲ್ಲ, ತಾನು ತಿಂತಾನ, ತಿಂದು ಪಲ್ಟಿ ಹೊಡಿತಾನ. ಸಕ್ಕರಿ ಬಾಯಾಗ ಹೋತಂದ್ರ ಎಚ್ಚರ ತಪ್ಪಿ ಬೀಳ್ತಾನ, ಹಣ್ಣು ಕೊಟ್ರ ಎದ್ದು ನಿಂದರ್ತಾನ. ರಾತ್ರಿ 8:08ಕ್ಕ ಮಲಗೋದಂದ್ರ ಮಲಗೋದೇ. ಆದ್ರ ನನ್ನ ಕೇಳಿದ್ರ ಅದರ ಜೀವ ಇರೋದು ರಾಬಿ ರಾಟನ್ ಹತ್ರ, ಊರೆಲ್ಲ ಸೋಮಾರಿ ಆಗಿ ಸುಮ್ಮನ ಕುಂದ್ರಲಿ ಅಂತ ದಿನಾ ವೇಷ ಬದಲಿಸಿ ಹೊಸ ಹೊಸ ಯಂತ್ರ ಕಟ್ಟಿ ಎಲ್ಲಾರಿಗಿಂತ ಹೆಚ್ಚು ದಣಿಯೋ ಖಳನಾಯಕ ಅಂವ. ಆ ಪಾತ್ರ ಮಾಡಿದ ಸ್ಟೆಫಾನ್ ಕಾರ್ಲ್ ಸ್ಟೆಫಾನ್ಸನ್ 2018ರಾಗ ಕ್ಯಾನ್ಸರ್‌ಲೆ ತೀರಿಕೊಂಡ, ಬರೇ 43 ವರ್ಷ. ಕೆಟ್ಟವನ ಮ್ಯಾಲೂ ಮಕ್ಕಳಿಗೆ ಪ್ರೀತಿ ಬರೋ ಹಂಗ ಮಾಡಿದ್ನಲ್ರಿ, ಅದು ಸಣ್ಣ ಕೆಲಸ ಅಲ್ಲ.

ನಾವು ಸಣ್ಣವರಿದ್ದಾಗ ದೂರದರ್ಶನದಾಗ ಶಕ್ತಿಮಾನ್ ಬರ್ತಿತ್ತು, 1997ರಾಗ ಶುರು ಆದದ್ದು. ಹಿಂದಿ ತಿಳೀಲಿಲ್ಲ ಅಂದ್ರೂ ಓಣಿ ಹುಡುಗರೆಲ್ಲಾ ಒಂದೇ ಟಿವಿ ಮುಂದ. ಆದ್ರ ಅದರಾಗ ಕಥಿ ಮುಗಿದ ಮ್ಯಾಲೆ ‘ಸಾರಿ ಶಕ್ತಿಮಾನ್’ ಅಂತ ನಡತಿ ಪಾಠ ಬ್ಯಾರೆ ಬರ್ತಿತ್ತು, ನಾವು ಅಷ್ಟೊತ್ತಿಗೆ ಎದ್ದು ಹೊರಗ ಓಡ್ತಿದ್ವಿ. ಲೇಜಿಟೌನ್‌ನ್ಯಾಗ ಪಾಠಾನೇ ಆಟ, ಕೊನಿಗೆ ಸ್ಟೆಫನಿ ಅನ್ನೋ ಹುಡುಗಿ ಕುಣಿಯಾಕ ಶುರು ಮಾಡಿದ್ರ ನೋಡೋ ಕೂಸೂ ಎದ್ದು ಕುಣಿತೈತಿ.

ಇಲ್ಲಿ ಇಂಗ್ಲೆಂಡಿನ್ಯಾಗೂ ಮಕ್ಕಳ ತಿನ್ನೋ ರೂಢಿ ಟಿವಿ ಒಂದರಿಂದನ ಬದಲಾಗ್ತೈತಿ ಅಂತ ನಾ ಹೇಳಂಗಿಲ್ಲ. ಮಕ್ಕಳ ಪ್ರೋಗ್ರಾಮ್ ನಡುವ ಜಂಕ್ ಫುಡ್ ಜಾಹೀರಾತು ಹಾಕಬಾರದು ಅಂತ 2007ರಿಂದ ನಿಯಮ ತಂದ್ರು, ಸರಕಾರಿ ಶಾಲ್ಯಾಗ ಸಣ್ಣ ಮಕ್ಕಳಿಗೆ ದಿನಾ ಒಂದು ಹಣ್ಣೋ ತರಕಾರಿಯೋ ಪುಕ್ಕಟ ಕೊಡ್ತಾರ. ನಮ್ಮ ಕರ್ನಾಟಕದ ಶಾಲ್ಯಾಗೂ ಹಾಲು, ತತ್ತಿ, ಬಾಳೆಹಣ್ಣು ಕೊಡಾಕತ್ಯಾರ, ಭಾಳ ಛಲೋ ಕೆಲಸ. ಆದ್ರ ಶಾಲಿ ಗೇಟ್ ಮುಂದಿನ ಅಂಗಡ್ಯಾಗ ತೋರಣ ಕಟ್ಟಿದಂಗ ಜೋತು ಬಿಟ್ಟಿರೋ ಆ ಐದು ರೂಪಾಯಿ ಪಾಕೀಟು ನೋಡಿದ್ರ ಹೊಟ್ಟಿ ಉರಿತೈತಿ.

ಯಾಕಂದ್ರ ಇಲ್ಲಿ ದುಡ್ಡು ಸುರಿದು ಕಲಿಸೋದು ನಮ್ಮ ಮನ್ಯಾಗ ಮೊದಲಿಂದ ಐತಿ. ಊರಿಗೆ ಹೋದಾಗ ನಮ್ಮವ್ವ ಹಕ್ಕರಿಕಿ ತಪ್ಪಲ ತೊಳದು ನೀರು ಝಾಡಿಸಿ ತಾಟಿನ ಅಂಚಿಗೆ ಇಡ್ತಾಳ, ಬಾಜೂಕ ಎಳೀ ಸವತಿಕಾಯಿ, ಗಜ್ಜರಿ, ಮೆಂತೆ ತಪ್ಪಲ, ಗುರೆಳ್ಳ ಹಿಂಡಿ ಮ್ಯಾಲೆ ಗಟ್ಟಿ ಮಸರು, ಬಿಸಿ ಬಿಸಿ ಜೋಳದ ರೊಟ್ಟಿ. ನಮ್ಮ ಮಗ ಮೊದಲ ದಿನ ಮೂಸಿ ನೋಡಿ ಬಿಟ್ಟ, ಅಜ್ಜಿ ಒಂದು ಮಾತು ಅನಲಿಲ್ಲ, ತಾನು ಕಟಕಟ ಕಡ್ಕೊಂಡು ತಿಂದ್ಲು, ಎರಡು ದಿನಕ್ಕ ಅಂವ ತಾನೇ ಕೈ ಹಾಕಿದ. ಇನ್ನ ಜಾತ್ರ್ಯಾಗ ಸಂಗ್ರಾಣಿ ಕಲ್ಲು ಎತ್ತೋರು, ಗರಡಿ ಪೈಲವಾನರು, ಬಾಗಲಕೋಟಿ ವಿಜಯಪುರದ ಸೈಕಲ್ ಹುಡುಗರು, ಇವರೆಲ್ಲ ನಮ್ಮ ಕಣ್ಣ ಮುಂದ ಇದ್ದೂ ಒಂದು ಮಕ್ಕಳ ಪ್ರೋಗ್ರಾಮ್‌ನ್ಯಾಗೂ ಕಾಣಂಗಿಲ್ಲ. ನಮ್ಮ ಚಾನೆಲ್‌ನವರು ಮಕ್ಕಳನ್ನ ಸ್ಟೇಜ್ ಮ್ಯಾಲೆ ತಂದು ದೊಡ್ಡೋರ ಹಾಡಿಗೆ ಕುಣಸ್ತಾರ, ಜಡ್ಜ್ ಮುಂದ ಅಳಸ್ತಾರ. ನನಗ ಇದು ಒಪ್ಪಂಗಿಲ್ಲ.

ಲೇಜಿಟೌನೂ ಸೀದಾ ಟಿವಿಗೆ ಬರ್ಲಿಲ್ರಿ, 1995ರಾಗ ಪುಸ್ತಕ, 1996ರಾಗ ನಾಟಕ, ಆಮ್ಯಾಲೆ ಟಿವಿ. ನಾಟಕ ಅಂದ್ರ ನಮಗೇನು ಹೊಸಾದಾ? ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಆಟ ಆಡೋರು ರಾತ್ರಿಯೆಲ್ಲಾ ಜನಾನ ನಗಿಸ್ಕೋತ ಕುಂದ್ರಸ್ತಾರ, ಅವರ ಕೈಯಾಗ ಒಂದು ಸೋಮಾರಿ ಖಳನಾಯಕನ ಪಾತ್ರ ಕೊಟ್ಟು ನೋಡ್ರಿ. ಈ ವರ್ಷದ ಶಾಲಿ ಗ್ಯಾದರಿಂಗ್‌ಗೆ ಅರ್ಧ ತಾಸಿನದು ಒಂದು ನಮ್ಮ ಮಾತಿನ್ಯಾಗ ಆಗ್ಲಿ, ಹೀರೋ ಗರಡಿ ಹುಡುಗ ಇರ್ಲಿ ಇಲ್ಲಾ ಸೈಕಲ್ ಹುಡುಗಿ ಇರ್ಲಿ. ಬರೆಯೋ ಮಾಸ್ತರರು ಯಾರಾರ ಮುಂದ ಬಂದ್ರ ವೇಷದ ಖರ್ಚು ನಾ ಕೊಡ್ತೀನಿ.