ಪೋಲೋ ಸೈಕಲ್‌ಗೆ ಸ್ಟೀಲೋ ಅಲ್ಯೂಮಿನಿಯಮ್ಮೋ?

"ಸ್ಟೀಲ್ ಈಸ್ ರಿಯಲ್" ಅಂತ ಸ್ಟಿಕರ್ ಅಂಟಿಸಿಕೊಂಡ ಸೈಕಲ್‌ಗಳು ಸಿಯಾಟಲ್‌ನಲ್ಲಿ ಬೇಕಾದಷ್ಟು ಕಾಣಿಸುತ್ತವೆ. ನಾನೂ ಸ್ಟೀಲ್ ಪಕ್ಷದವನೇ. ಆದರೆ ಆ ಸ್ಟಿಕರ್ ಮಂದಿ ಹೇಳುವ ಕಾರಣಗಳಲ್ಲಿ ಮುಕ್ಕಾಲು ಪಾಲು ಸೈಕಲ್ ಪೋಲೋಗೆ ಹೊಂದುವುದೇ ಇಲ್ಲ. ನಮ್ಮ ಗುಂಪಿಗೆ ಹೊಸದಾಗಿ ಬಂದ ಹಾಸನದ ಹುಡುಗನೊಬ್ಬ "ಅಣ್ಣಾ, ಫ್ರೇಮ್ ತಗೋಬೇಕು, ಅಲ್ಯೂಮಿನಿಯಮ್ಮೋ ಸ್ಟೀಲೋ ಒಂದೇ ಮಾತಲ್ಲಿ ಹೇಳಿ" ಅಂದ. ಒಂದೇ ಮಾತಲ್ಲಿ ಹೇಳಿದರೆ ಅವನಿಗೆ ಉಪಯೋಗ ಇಲ್ಲ. ಅದಕ್ಕೇ ಇಷ್ಟುದ್ದ.

ಆಟ ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ. ಹುಲ್ಲಿನ ಮೇಲೆ ಆಡುವ ಸೈಕಲ್ ಪೋಲೋ ಹಳೆಯದು. 1891ರಲ್ಲಿ ಐರ್ಲೆಂಡಿನ ವಿಕ್ಲೋದಲ್ಲಿ ರಿಚರ್ಡ್ ಮೆಕ್ರೆಡಿ ಅನ್ನುವವರು ಶುರು ಮಾಡಿದ್ದು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಪಂದ್ಯವೂ ಆಗಿತ್ತು. ಭಾರತದಲ್ಲಿ ಇವತ್ತಿಗೂ ಆಡುವುದು ಇದನ್ನೇ, ಅದಕ್ಕೆ 1966ರಿಂದ ಒಂದು ಫೆಡರೇಶನ್ ಕೂಡ ಇದೆ. ನಾವಿಲ್ಲಿ ಆಡುವುದು ಹಾರ್ಡ್‌ಕೋರ್ಟ್. 2000ದ ಆಸುಪಾಸಿನಲ್ಲಿ ಇದೇ ಸಿಯಾಟಲ್‌ನ ಸೈಕಲ್ ಕೊರಿಯರ್ ಹುಡುಗರು ಕೆಲಸದ ಬಿಡುವಿನಲ್ಲಿ ಹುಟ್ಟುಹಾಕಿದ ಆಟ. ತಂಡಕ್ಕೆ ಮೂರು ಜನ. ಟೆನಿಸ್ ಕೋರ್ಟ್ ತರದ ಗಟ್ಟಿ ನೆಲ, ಸುತ್ತ ಹಲಗೆ ಗೋಡೆ, ಪ್ಲಾಸ್ಟಿಕ್ ಚೆಂಡು, ಒಂದು ಕೈಯಲ್ಲಿ ಮ್ಯಾಲೆಟ್ (ಚೆಂಡು ಹೊಡೆಯುವ ಉದ್ದ ಹಿಡಿಯ ಸುತ್ತಿಗೆ). ಕಾಲು ನೆಲಕ್ಕೆ ತಾಗಿದರೆ ಅಂಕಣದ ನಡುಗೆರೆಯ ಹತ್ತಿರ ಹೋಗಿ ಮ್ಯಾಲೆಟ್‌ನಿಂದ ತಟ್ಟಿ ಬರಬೇಕು, ಅಲ್ಲಿಯವರೆಗೆ ಚೆಂಡು ಮುಟ್ಟುವಂತಿಲ್ಲ. 2009ರಲ್ಲಿ ಫಿಲಡೆಲ್ಫಿಯಾ, 2010ರಲ್ಲಿ ಬರ್ಲಿನ್, 2011ರಲ್ಲಿ ನಮ್ಮ ಸಿಯಾಟಲ್, ಹೀಗೆ ವಿಶ್ವ ಚಾಂಪಿಯನ್‌ಶಿಪ್‌ಗಳೂ ನಡೆದವು.

ಈಗ ಫ್ರೇಮಿಗೆ ಏನಾಗುತ್ತದೆ ನೋಡಿ. ಯಾರೂ ದೂರ ಓಡಿಸುವುದಿಲ್ಲ. ನಿಂತ ಜಾಗದಿಂದ ಪೂರ್ತಿ ಜೋರಿನಲ್ಲಿ ಪೆಡಲ್ ತುಳಿಯುತ್ತಾರೆ, ನಾಲ್ಕು ಮಾರು ಹೋಗಿ ಮುಂದಿನ ಬ್ರೇಕ್ ಗಬಕ್ಕನೆ ಹಿಡಿಯುತ್ತಾರೆ, ಮುಂಚಕ್ರದ ಮೇಲೇ ಸೈಕಲ್ ತಿರುಗಿಸುತ್ತಾರೆ. ಗೋಲ್ ಕಾಯುವವನು ಸೈಕಲ್ ಅಡ್ಡ ಇಟ್ಟುಕೊಂಡು ನಿಂತಲ್ಲೇ ಪೆಡಲ್ ಹಿಂದೆ ಮುಂದೆ ಆಡಿಸುತ್ತಾ ಸಮತೋಲನ ಕಾಯುತ್ತಾನೆ. ನಡುವೆ ಭುಜಕ್ಕೆ ಭುಜ ತಾಗುತ್ತದೆ, ಹ್ಯಾಂಡಲ್‌ಗೆ ಹ್ಯಾಂಡಲ್ ಸಿಕ್ಕಿಕೊಳ್ಳುತ್ತದೆ, ಎಲ್ಲರೂ ಹಲಗೆಗೆ ಹೋಗಿ ಗುದ್ದುತ್ತಾರೆ. ರಸ್ತೆ ಸೈಕಲ್ ವರ್ಷವಿಡೀ ಕಾಣದ ಪೆಟ್ಟನ್ನು ಪೋಲೋ ಸೈಕಲ್ ಒಂದು ಸಂಜೆಯಲ್ಲಿ ಕಾಣುತ್ತದೆ ಅಂದರೆ ಉತ್ಪ್ರೇಕ್ಷೆ ಇರಬಹುದು, ಆದರೆ ಜಾಸ್ತಿ ಇಲ್ಲ.

ಮೊದಲು ತೂಕದ ವಿಷಯ. ಸ್ಟೀಲಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.85 ಗ್ರಾಂ, ಅಲ್ಯೂಮಿನಿಯಂನದು 2.7. ಮೂರರಲ್ಲಿ ಒಂದು ಪಾಲು ತೂಕ ಅಂತ ಕುಣಿಯಬೇಡಿ, ಬಿಗಿತವೂ ಮೂರರಲ್ಲಿ ಒಂದೇ ಪಾಲು. ಅದಕ್ಕೇ ಅಲ್ಯೂಮಿನಿಯಂ ಫ್ರೇಮಿನ ಟ್ಯೂಬ್‌ಗಳು ಅಷ್ಟು ದಪ್ಪ. ಹಳೆಯ ಸ್ಟೀಲ್ ಸೈಕಲ್‌ನ ಡೌನ್ ಟ್ಯೂಬ್ (ಹ್ಯಾಂಡಲ್ ಕೆಳಗಿನಿಂದ ಪೆಡಲ್ ಕಡೆ ಇಳಿಯುವ ಕೊಳವೆ) 28.6 ಮಿಲಿಮೀಟರ್ ಇದ್ದರೆ ಅಲ್ಯೂಮಿನಿಯಂನಲ್ಲಿ 40 ದಾಟುವುದು ಮಾಮೂಲು. ಟ್ಯೂಬಿನ ಅಗಲ ದುಪ್ಪಟ್ಟು ಮಾಡಿ ಗೋಡೆಯ ದಪ್ಪ ಹಾಗೇ ಬಿಟ್ಟರೆ ಬಿಗಿತ ಹೆಚ್ಚುಕಮ್ಮಿ ಎಂಟು ಪಟ್ಟು ಆಗುತ್ತದೆ. ಈ ಲೆಕ್ಕದಿಂದಲೇ ಅಲ್ಯೂಮಿನಿಯಂ ಬದುಕಿರುವುದು. ಕೊನೆಗೆ ಇಡೀ ಸೈಕಲ್‌ನಲ್ಲಿ ಉಳಿಯುವ ತೂಕ ಎಷ್ಟು? ಅರ್ಧ ಕಿಲೋ, ಹೆಚ್ಚೆಂದರೆ ಮುಕ್ಕಾಲು. ಅಷ್ಟು ತೂಕವನ್ನು ಗಟ್ಟಿ ಟೈರು ಮತ್ತು ಚಕ್ರದ ಪ್ಲಾಸ್ಟಿಕ್ ಕವರ್ ತಿಂದುಹಾಕುತ್ತವೆ. ಆದರೂ ಒಂದು ಮಾತು ಒಪ್ಪಬೇಕು. ಮುಂಚಕ್ರದ ಮೇಲೆ ಹಿಂಬದಿಯನ್ನು ಎತ್ತಿ ಪಕ್ಕಕ್ಕೆ ಎಸೆಯುವವರಿಗೆ ಹಗುರ ಫ್ರೇಮ್ ಕೈಗೆ ಗೊತ್ತಾಗುತ್ತದೆ. ಚೆನ್ನಾಗಿ ಆಡುವವರು ಅಲ್ಯೂಮಿನಿಯಂ ಇಷ್ಟಪಡುವುದು ಸುಮ್ನೆ ಅಲ್ಲ.

ಇನ್ನು "ಸ್ಟೀಲ್ ಮೈಗೆ ಹಿತ, ಅಲ್ಯೂಮಿನಿಯಂ ಕುಲುಕುತ್ತದೆ" ಅನ್ನುವ ವಾದ. ನುಣ್ಣಗಿನ ಕೋರ್ಟಿನ ಮೇಲೆ, ದಪ್ಪ ಟೈರಿನ ಸೈಕಲ್‌ನಲ್ಲಿ, ಅರ್ಧ ಹೊತ್ತು ಸೀಟಿನ ಮೇಲೆ ಕೂರದೆ ಆಡುವ ಆಟಕ್ಕೆ ಇದನ್ನು ಯಾಕೆ ಹೇಳುತ್ತಾರೋ ನನಗಂತೂ ಅರ್ಥವಾಗಿಲ್ಲ. ಮುಂದೆ ಹೋಗೋಣ.

ಸ್ಟೀಲ್ ಪಕ್ಷದವರ ದೊಡ್ಡ ಅಸ್ತ್ರ ಲೋಹದ ದಣಿವು. ಸ್ಟೀಲಿಗೆ ಒಂದು ಮಿತಿ ಇದೆ. ಆ ಮಿತಿಗಿಂತ ಕಡಿಮೆ ಹೊರೆಯನ್ನು ಎಷ್ಟು ಸಲ ಹಾಕಿದರೂ ಅದು ಬಿರುಕು ಬಿಡುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಸಣ್ಣ ಹೊರೆಯೂ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ. ಇದು ನಿಜ. ಆದರೆ ಪೋಲೋದಲ್ಲಿ ಹೊರೆ ಆ ಮಿತಿಯ ಕೆಳಗೇ ಇರುತ್ತದೆ ಅಂತ ಹೇಳಿದ್ದು ಯಾರು? ನಿಧಾನಕ್ಕೆ ಆಫೀಸಿಗೆ ಹೋಗುವವನ ಸ್ಟೀಲ್ ಸೈಕಲ್‌ಗೆ ಸಿಗುವ ಈ ವರ, ಹಲಗೆಗೆ ಗುದ್ದುವವನಿಗೆ ಪೂರ್ತಿ ಸಿಗುವುದಿಲ್ಲ. ವೆಲ್ಡ್ ಆದ ಜಾಗದಲ್ಲಿ ಆ ಮಿತಿ ಇನ್ನೂ ಕೆಳಗಿರುತ್ತದೆ. ಪೋಲೋದಲ್ಲಿ ಸ್ಟೀಲ್ ಫ್ರೇಮ್‌ಗಳೂ ಬಿರುಕು ಬಿಡುತ್ತವೆ, ಅದೂ ಅದೇ ಜಾಗಗಳಲ್ಲಿ: ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿಗೆ ಡೌನ್ ಟ್ಯೂಬ್ ಸೇರುವ ಕಡೆ ಅಡಿಭಾಗದಲ್ಲಿ, ಚೈನ್ ಬದಿಯ ಚೈನ್‌ಸ್ಟೇ (ಪೆಡಲ್ ಕಡೆಯಿಂದ ಹಿಂಚಕ್ರಕ್ಕೆ ಹೋಗುವ ಕೊಳವೆ) ಬಾಟಮ್ ಬ್ರಾಕೆಟ್ (ಪೆಡಲ್‌ಗಳ ಅಚ್ಚು ಕೂರುವ ಗೂಡು) ಹತ್ತಿರ, ಸೀಟ್ ಕ್ಲಾಂಪ್ ಕೆಳಗೆ. ಇತ್ತ ಚೆನ್ನಾಗಿ ಮಾಡಿದ ಅಲ್ಯೂಮಿನಿಯಂ ಫ್ರೇಮ್‌ನಲ್ಲಿ ಲೋಹವನ್ನು ಧಾರಾಳವಾಗಿ ಹಾಕಿರುತ್ತಾರೆ. ಸೈಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 4210ರ ಪರೀಕ್ಷೆಯಲ್ಲಿ ಪೆಡಲ್ ತುಳಿತ ಒಂದನ್ನೇ 1,00,000 ಸಲ ಹಾಕಿ ನೋಡುತ್ತಾರೆ, ಅದನ್ನು ಎರಡೂ ಲೋಹಗಳು ದಾಟುತ್ತವೆ.

ನೆಗ್ಗುವ ವಿಷಯದಲ್ಲಿ ನಮ್ಮ ಜನರ ಊಹೆ ತಲೆಕೆಳಗಾಗುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆ ಒಂದು ಸಲ ಬಿದ್ದರೆ ಸಾಕು, ನೆಗ್ಗಿ ಹೋಗುತ್ತದೆ, ಅಲ್ವಾ? ಫ್ರೇಮಿನಲ್ಲಿ ಹಾಗಲ್ಲ. ದುಬಾರಿ ಸ್ಟೀಲ್ ಟ್ಯೂಬ್‌ಗಳು ತುದಿಯಲ್ಲಿ 0.8 ಮಿಲಿಮೀಟರ್, ನಡುವೆ ಬರೀ 0.5 ಮಿಲಿಮೀಟರ್ ದಪ್ಪ ಇರುತ್ತವೆ. ಮ್ಯಾಲೆಟ್‌ನ ತಲೆ ಅಲ್ಲಿ ಬಿದ್ದರೆ ಗುಳಿ ಖಂಡಿತ. ಗೋಡೆ ದಪ್ಪ ಇರುವ ಅಲ್ಯೂಮಿನಿಯಂ ಟ್ಯೂಬ್ ಅದೇ ಪೆಟ್ಟಿಗೆ ಬರೀ ಬಣ್ಣ ಕಳೆದುಕೊಳ್ಳಬಹುದು. ಹಾಗಾಗಿ ಪೋಲೋಗೆ ರೇಸಿಂಗ್ ದರ್ಜೆಯ ತೆಳು ಸ್ಟೀಲ್ ಬೇಡವೇ ಬೇಡ. ಸಾದಾ 4130 ಕ್ರೋಮೊಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಸ್ಟೀಲ್), ಗೋಡೆ ಸ್ವಲ್ಪ ದಪ್ಪ ಇರುವುದು ಸಾಕು.

ಹಾಗಾದರೆ ನಾನು ಯಾಕೆ ಸ್ಟೀಲ್ ಪಕ್ಷ? ಮುರಿದ ಮೇಲೆ ಏನು ಮಾಡೋದು ಅನ್ನುವ ಒಂದೇ ಕಾರಣಕ್ಕೆ. ಮುರಿಯುವುದಂತೂ ಇದ್ದೇ ಇದೆ.

ಕ್ರೋಮೊಲಿ ಫ್ರೇಮಿನ ಚೈನ್‌ಸ್ಟೇ ಸೀಳಿದರೆ ಒಳ್ಳೆಯ ವೆಲ್ಡರ್ ಹತ್ತಿರ ಒಯ್ದರೆ ಆಯಿತು. ಬಿರುಕು ಬಿಟ್ಟ ಕಡೆ ಪಟ್ಟಿ ಹಾಕಿ ಟಿಗ್ ವೆಲ್ಡಿಂಗ್ ಮಾಡುತ್ತಾನೆ, ಇಲ್ಲವೇ ಗ್ಯಾಸ್ ಇಟ್ಟು ಹಿತ್ತಾಳೆಯಲ್ಲಿ ಬೆಸೆಯುತ್ತಾನೆ. ಹಿಂಚಕ್ರದ ಅಚ್ಚು ಕೂರುವ ಡ್ರಾಪ್‌ಔಟ್ ಸೊಟ್ಟಗಾದರೆ ಅಳತೆ ನೋಡಿಕೊಂಡು ಕೈಯಿಂದಲೇ ಎಳೆದು ನೇರ ಮಾಡಬಹುದು. ಮೊದಲು ಬರೀ ರಿಮ್ ಬ್ರೇಕ್ ಇತ್ತು, ಈಗ ಡಿಸ್ಕ್ ಬೇಕು ಅನಿಸಿತೇ? ಅದಕ್ಕೆ ತಕ್ಕ ಗಟ್ಟಿ ಫೋರ್ಕ್ (ಮುಂಚಕ್ರ ಹಿಡಿಯುವ ಕವೆ) ಹುಡುಕಿ ಹಾಕಿ, ಹಿಂದೆ ಕೂಡ ಡಿಸ್ಕ್ ಬೇಕಾದರೆ ಫ್ರೇಮಿಗೆ ಒಂದು ತುಂಡು ಬೆಸೆಸಿ. ಊರಲ್ಲಿ ಅಟ್ಲಾಸ್, ಹರ್ಕ್ಯುಲಿಸ್ ಸೈಕಲ್‌ಗಳ ಮುರಿದ ಫ್ರೇಮನ್ನು ಗ್ಯಾಸ್ ವೆಲ್ಡಿಂಗ್ ಅಂಗಡಿಯವರು ಮತ್ತೆ ರಸ್ತೆಗಿಳಿಸುತ್ತಿದ್ದದ್ದೂ ಇದೇ ಗುಣದಿಂದ.

ಅಲ್ಯೂಮಿನಿಯಂನ ಕಷ್ಟ ಬೇರೆ. 6061 ಅನ್ನುವ ಮಿಶ್ರಲೋಹಕ್ಕೆ ಬಲ ಬರುವುದು ಕಾಯಿಸಿ ಹದ ಮಾಡಿದ್ದರಿಂದ. ಅದನ್ನು ವೆಲ್ಡ್ ಮಾಡಿದ ಕೂಡಲೇ ಸುತ್ತಲಿನ ಲೋಹ ಮೆತ್ತಗಾಗುತ್ತದೆ, ಅಲ್ಲಿನ ಬಲ ಅರ್ಧದಷ್ಟೋ ಅದಕ್ಕೂ ಕಡಿಮೆಯೋ ಆಗಿಬಿಡುತ್ತದೆ. ಕಾರ್ಖಾನೆಯಲ್ಲಾದರೆ ಇಡೀ ಫ್ರೇಮನ್ನು 530 ಡಿಗ್ರಿ ಆಸುಪಾಸು ಕಾಯಿಸಿ, ತಟ್ಟನೆ ತಣಿಸಿ, ಆಮೇಲೆ ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಬಲ ವಾಪಸ್ ತರುತ್ತಾರೆ. 7005 ಅನ್ನುವ ಇನ್ನೊಂದು ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಇಷ್ಟು ಗೋಳಿಲ್ಲ, ಆದರೂ ಹದವಾದ ಬಿಸಿ ಬೇಕೇ ಬೇಕು. ಬೀದಿಯ ವೆಲ್ಡರ್ ಹತ್ತಿರ ಆ ಒಲೆ ಎಲ್ಲಿಂದ ಬರಬೇಕು? ಹಾಗೇ ವೆಲ್ಡ್ ಮಾಡಿ ಕೊಟ್ಟರೆ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಬಿರುಕು ಬಿಟ್ಟ ಅಲ್ಯೂಮಿನಿಯಂ ಫ್ರೇಮ್ ಗುಜರಿಗೆ, ಅಷ್ಟೇ. ವಾರಂಟಿ ಇದೆಯಲ್ಲ ಅನ್ನಬೇಡಿ. ನಮ್ಮ ಗುಂಪಿನ ಒಬ್ಬರು ಮಾಮೂಲಿ ಸೈಕಲ್ ಕಂಪನಿಯ ಫ್ರೇಮ್ ಹಿಡಿದು ಅಂಗಡಿಗೆ ಹೋದರೆ, "ಪೋಲೋ ಆಡಿದ್ದೀರಿ, ಇದು ದುರ್ಬಳಕೆ" ಅಂತ ವಾಪಸ್ ಕಳಿಸಿದರು. ಸಣ್ಣ ಅಕ್ಷರದಲ್ಲಿ ಹಾಗೆ ಬರೆದೂ ಇತ್ತಂತೆ.

ಬಿರುಕು ಬಿಡುವ ರೀತಿಯಲ್ಲೂ ವ್ಯತ್ಯಾಸ ಇದೆ. ಸ್ಟೀಲ್ ಸಾಮಾನ್ಯವಾಗಿ ಮೊದಲು ಬಾಗುತ್ತದೆ, ಕಿರುಗುಟ್ಟುತ್ತದೆ, ಬಣ್ಣ ಸೀಳುತ್ತದೆ. ಅಲ್ಯೂಮಿನಿಯಮ್ಮೂ ಸದ್ದು ಮಾಡುತ್ತದೆ, ಆದರೆ ಗೆರೆ ಕಂಡ ಮೇಲೆ ಪೂರ್ತಿ ತುಂಡಾಗುವವರೆಗೆ ಅದು ಕೊಡುವ ಸಮಯ ಕಡಿಮೆ. ಮುಂದಿನ ಬ್ರೇಕ್ ಮೇಲೇ ಬದುಕುವ ಆಟದಲ್ಲಿ ಹೆಡ್ ಟ್ಯೂಬ್ ಕಳಚಿಕೊಂಡರೆ ಮೊದಲು ನೆಲ ಮುಟ್ಟುವುದು ಹಲ್ಲು. ಅದಕ್ಕೇ ಅಲ್ಯೂಮಿನಿಯಂ ಫ್ರೇಮ್ ಕೊಂಡರೂ ಫೋರ್ಕ್ ಸ್ಟೀಲಿನದೇ ಇರಲಿ ಅನ್ನುತ್ತೇನೆ.

ಸ್ಟೀಲಿನ ಶಾಪ ತುಕ್ಕು. ಸಿಯಾಟಲ್ ಮಳೆ ಜಡಿಮಳೆ ಅಲ್ಲ, ತಿಂಗಳುಗಟ್ಟಲೆ ಜಿನುಗುವ ಮಳೆ. ಮಂಗಳೂರು ಕಡೆಯವರಿಗೆ ತುಕ್ಕಿನ ಬಗ್ಗೆ ನಾನು ಪಾಠ ಮಾಡಬೇಕಿಲ್ಲ. ಹೊರಗಿನದು ಕಾಣುತ್ತದೆ, ಟ್ಯೂಬಿನ ಒಳಗಿನದು ಕಾಣುವುದಿಲ್ಲ. ಹೊಸ ಫ್ರೇಮ್ ಬಂದ ದಿನವೇ ಒಳಗೆ ತುಕ್ಕು ತಡೆಯುವ ಎಣ್ಣೆ ಸಿಂಪಡಿಸಿ. ಸೀಟ್‌ಪೋಸ್ಟಿಗೆ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ಅಲ್ಯೂಮಿನಿಯಂ ಪೋಸ್ಟ್ ಸ್ಟೀಲ್ ಫ್ರೇಮಿನೊಳಗೆ ಕಚ್ಚಿಕೊಂಡು ಈಚೆ ಬರುವುದೇ ಇಲ್ಲ. ಇಷ್ಟು ಮಾಡುವ ತಾಳ್ಮೆ ಇಲ್ಲದವರು, ಸೈಕಲ್ಲನ್ನು ಬಾಲ್ಕನಿಯಲ್ಲೇ ನೆನೆಯಲು ಬಿಡುವವರು, ಅಲ್ಯೂಮಿನಿಯಮ್ಮೇ ತಗೊಳ್ಳಿ.

ಒಂದು ಮಾತು ಇವೆಲ್ಲಕ್ಕಿಂತ ಮುಖ್ಯ. ಲೋಹಕ್ಕಿಂತ ಫ್ರೇಮಿನ ಆಕಾರ ಆಟವನ್ನು ಜಾಸ್ತಿ ಬದಲಿಸುತ್ತದೆ. ಪೋಲೋಗೆಂದೇ ಮಾಡಿದ ಫ್ರೇಮ್‌ನಲ್ಲಿ ಚಕ್ರಗಳ ನಡುವಿನ ಅಂತರ ಕಡಿಮೆ, ಹಿಂಬದಿ ಮೋಟು, ಬಾಟಮ್ ಬ್ರಾಕೆಟ್ ಎತ್ತರ. ಸೈಕಲ್ ಮಲಗಿಸಿ ತಿರುಗಿಸುವಾಗ ಪೆಡಲ್ ನೆಲಕ್ಕೆ ತಾಗಬಾರದು ಅನ್ನುವ ಕಾರಣಕ್ಕೆ. ಆಕಾರ ಸರಿ ಇರುವ ಅಲ್ಯೂಮಿನಿಯಂ ಫ್ರೇಮ್, ಆಕಾರ ತಪ್ಪಿದ ಸ್ಟೀಲ್ ಫ್ರೇಮಿಗಿಂತ ಎಷ್ಟೋ ಮೇಲು. ಇದನ್ನು ಸ್ಟಿಕರ್ ಮಂದಿ ಒಪ್ಪುವುದಿಲ್ಲ, ಬಿಡಿ.

ಹಾಸನದ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಈಗಲೇ ಪೋಲೋ ಫ್ರೇಮ್ ಬೇಡ ಮಾರಾಯ. ತೊಂಬತ್ತರ ದಶಕದ 26 ಇಂಚಿನ ಕ್ರೋಮೊಲಿ ಮೌಂಟನ್ ಬೈಕ್ ಇಲ್ಲಿ ಗ್ಯಾರೇಜ್ ಸೇಲ್‌ಗಳಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಗೇರ್ ಕಿತ್ತುಹಾಕು, ಮುಂದೆ 32 ಹಲ್ಲು ಹಿಂದೆ 18 ಅಥವಾ 20 ಹಲ್ಲು ಇಟ್ಟುಕೋ, ಚೈನ್ ಬಿಗಿಮಾಡುವ ಒಂದು ಟೆನ್ಷನರ್ ಹಾಕು, ಎರಡು ಬ್ರೇಕನ್ನೂ ಒಂದೇ ಲಿವರ್‌ಗೆ ತಾ. ಒಂದು ಸೀಸನ್ ಆಡು. ಆಮೇಲೂ ಆಟದ ಹುಚ್ಚು ಇಳಿಯದಿದ್ದರೆ ಪೋಲೋಗೆಂದೇ ಮಾಡಿದ ಸ್ಟೀಲ್ ಫ್ರೇಮ್ ತಗೋ. ಟೂರ್ನಮೆಂಟ್ ಹಿಂದೆ ಬಿದ್ದು, ಎರಡು ಮೂರು ವರ್ಷಕ್ಕೊಮ್ಮೆ ಫ್ರೇಮ್ ಬದಲಿಸುವಷ್ಟು ಜೇಬು ಗಟ್ಟಿ ಇದ್ದರೆ ಆಗ ಅಲ್ಯೂಮಿನಿಯಂ ನೋಡು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಯಾವ ಲೋಹವಾದರೂ ಸರಿ, ಚಕ್ರ ಬಿಚ್ಚಿಸಿ ಫ್ರೇಮನ್ನು ಬೆಳಕಿಗೆ ಹಿಡಿದು ನೋಡಿ. ಮೇಲೆ ಹೇಳಿದ ಮೂರು ಜಾಗಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಕೂದಲಿನಂಥ ಗೆರೆ ಕಂಡರೆ ಉಗುರಿನಿಂದ ಕೆರೆಯಿರಿ, ಉಗುರು ಸಿಕ್ಕಿಕೊಂಡರೆ ಅಲ್ಯೂಮಿನಿಯಂ ಫ್ರೇಮನ್ನು ಅಲ್ಲೇ ಬಿಟ್ಟು ಬನ್ನಿ, ಸ್ಟೀಲಾದರೆ ವೆಲ್ಡರ್ ಖರ್ಚು ಕಳೆದು ಚೌಕಾಸಿ ಮಾಡಿ.

ಕಾರ್ಬನ್ ಫೈಬರ್ ಆಗಲ್ವಾ ಅಂತ ಒಬ್ಬರು ಕೇಳಿದ್ದರು. ಆಗಲ್ಲ.