ಬಣ್ಣಭೇದದ ಮಾತಿಗೆ ಅನ್ಯಗ್ರಹದ ವೇಷ ಬೇಕಾ? ಪರ–ವಿರೋಧ

ಪರ: ವೇಷ ಇಲ್ಲದಿದ್ದರೆ ಆ ಮಾತು ಟಿವಿಗೆ ಬರುತ್ತಲೇ ಇರಲಿಲ್ಲ

1955ರ ಆಗಸ್ಟ್‌ನಲ್ಲಿ ಅಮೆರಿಕದ ದಕ್ಷಿಣದ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಕೊಂದರು. ಕೋರ್ಟು ಅವರನ್ನು ಬಿಟ್ಟುಬಿಟ್ಟಿತು. ರಾಡ್ ಸರ್ಲಿಂಗ್ ಎಂಬ ಟಿವಿ ಬರಹಗಾರರು ಇದರ ಮೇಲೆ ನಾಟಕ ಮಾಡಲು ಹೊರಟರು. 1956ರಲ್ಲಿ ಅದು ಪ್ರಸಾರವಾಗುವ ಹೊತ್ತಿಗೆ ಏನು ಉಳಿದಿತ್ತು? ಊರು ಉತ್ತರದ ನ್ಯೂ ಇಂಗ್ಲೆಂಡ್ ಆಗಿತ್ತು. ಸತ್ತವನು ಯಾರೋ ಪರದೇಶದವನಾಗಿದ್ದ. ಸಾಲದ್ದಕ್ಕೆ ಕೋಕಾಕೋಲಾ ಬಾಟಲಿಯನ್ನೂ ತೆಗೆಸಿದರು. ಅದನ್ನು ಕಂಡರೆ ಜನಕ್ಕೆ ದಕ್ಷಿಣದ ರಾಜ್ಯಗಳು ನೆನಪಾದಾವು ಅಂತ!

ಆಗಿನ ಟಿವಿ ನಡೆಯುತ್ತಿದ್ದದ್ದೇ ಪ್ರಾಯೋಜಕರ ದುಡ್ಡಿನಲ್ಲಿ. ದಕ್ಷಿಣದ ಬಿಳಿಯರು ಮುನಿಸಿಕೊಂಡರೆ ವ್ಯಾಪಾರಕ್ಕೆ ಪೆಟ್ಟು. ಸರ್ಲಿಂಗ್‌ಗೆ ದಾರಿ ಹೊಳೆಯಿತು. ರಾಜಕಾರಣಿಯ ಬಾಯಲ್ಲಿ ಹೇಳಿಸಲಾಗದ್ದನ್ನು ಮಂಗಳ ಗ್ರಹದವನ ಬಾಯಲ್ಲಿ ಹೇಳಿಸಬಹುದು. 1959ರಲ್ಲಿ ಅವರು ‘ದಿ ಟ್ವಿಲೈಟ್ ಝೋನ್’ ಎಂಬ ವಿಚಿತ್ರ ಕತೆಗಳ ಧಾರಾವಾಹಿ ಶುರು ಮಾಡಿದರು.

ಅದೇ ದಾರಿಯಲ್ಲಿ 1966ರಲ್ಲಿ ಬಾಹ್ಯಾಕಾಶ ಹಡಗೊಂದರ ಕತೆಯ ಧಾರಾವಾಹಿ ‘ಸ್ಟಾರ್ ಟ್ರೆಕ್’ ಬಂತು. ಅದರ ಒಂದು ಕಂತನ್ನು ಮಾತ್ರ ತೆಗೆದುಕೊಳ್ಳೋಣ. 1969ರ ಜನವರಿ 10ರದು. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬೀಲ್ ಎಂಬ ಅಧಿಕಾರಿ, ಲೋಕಾಯ್ ಎಂಬ ಪರಾರಿ, ಇಬ್ಬರದೂ ಒಂದೇ ಗ್ರಹ. ಇಬ್ಬರ ಮುಖವೂ ಅರ್ಧ ಕಪ್ಪು, ಅರ್ಧ ಬಿಳಿ. ಆ ಮೇಕಪ್ ನೋಡಿದರೆ ಇವತ್ತು ನಗು ಬರುತ್ತದೆ, ಸುಳ್ಳು ಹೇಳಲ್ಲ. ನಿಮ್ಮಿಬ್ಬರಿಗೂ ಏನು ವ್ಯತ್ಯಾಸ ಅಂತ ಹಡಗಿನ ಕ್ಯಾಪ್ಟನ್ ಕರ್ಕ್‌ಗೆ ಅರ್ಥವೇ ಆಗುವುದಿಲ್ಲ. ಬೀಲ್‌ಗೆ ಆಶ್ಚರ್ಯ. ಕಣ್ಣಿಗೆ ಕಾಣುತ್ತಿಲ್ಲವಾ? ನನಗೆ ಬಲಗಡೆ ಕಪ್ಪು, ಅವನಿಗೆ ಬಲಗಡೆ ಬಿಳಿ!

ನೋಡುತ್ತಿದ್ದವರೂ ಅಲ್ಲಿಯವರೆಗೆ ಅದನ್ನು ಗಮನಿಸಿರಲಿಕ್ಕಿಲ್ಲ. ಅಲ್ಲೇ ಇರುವುದು ಕತೆಯ ಜಾಣತನ. ಬಣ್ಣಭೇದ ತಪ್ಪು ಅಂತ ನೇರವಾಗಿ ಹೇಳಿದ್ದರೆ ಎಷ್ಟೋ ಮನೆಗಳಲ್ಲಿ ಚಾನೆಲ್ ಬದಲಾಗುತ್ತಿತ್ತು. ಬೀಲ್ ಹೇಳಿದ್ದಕ್ಕೆ ನಕ್ಕವನು ಮಾತ್ರ ತನಗೇ ಗೊತ್ತಿಲ್ಲದೆ ಅರ್ಧ ಒಪ್ಪಿಕೊಂಡ ಹಾಗಾಯಿತು.

ವೇಷ ತೊಡದವರಿಗೂ ಈ ಕಲ್ಪನೆಯ ಹಡಗು ಜಾಗ ಕೊಟ್ಟಿತು. ಚುಕ್ಕಾಣಿ ಹಿಡಿದ ಸುಲುವಿನ ಪಾತ್ರ ಮಾಡಿದ ಜಾರ್ಜ್ ಟಕೇಯಿ ಅವರನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ, ಜಪಾನಿ ಮೂಲದ ಕುಟುಂಬ ಅನ್ನೋ ಕಾರಣಕ್ಕೆ, ಅಮೆರಿಕ ಸರ್ಕಾರವೇ ಶಿಬಿರದಲ್ಲಿ ಕೂಡಿಹಾಕಿತ್ತು. ಆಗ ಅವರಿನ್ನೂ ಪುಟ್ಟ ಹುಡುಗ. ಹಡಗಿನ ಅಧಿಕಾರಿ ಉಹುರಾ ಪಾತ್ರದ ಕಪ್ಪು ನಟಿ ನಿಶೆಲ್ ನಿಕೋಲ್ಸ್ ಮೊದಲ ಸೀಸನ್ ಮುಗಿದಾಗ ಬಿಟ್ಟುಹೋಗಲು ಹೊರಟಿದ್ದರು. ತಡೆದವರು ಮಾರ್ಟಿನ್ ಲೂಥರ್ ಕಿಂಗ್ ಅಂತ ಅವರೇ ಎಷ್ಟೋ ಸಲ ಹೇಳಿದ್ದಾರೆ. ನಮ್ಮ ಮನೆಯಲ್ಲಿ ಮಕ್ಕಳು ರಾತ್ರಿ ಎದ್ದಿದ್ದು ನೋಡಲು ಬಿಡುವುದು ಇದೊಂದನ್ನೇ ಎಂದರಂತೆ ಕಿಂಗ್. 1977ರಲ್ಲಿ ನಾಸಾ ಇದೇ ನಿಕೋಲ್ಸ್ ಅವರನ್ನು ಕರೆದು, ಹೆಂಗಸರೂ ಕಪ್ಪು ಜನರೂ ಗಗನಯಾತ್ರಿಗಳಾಗಲು ಮುಂದೆ ಬನ್ನಿ ಅಂತ ಹೇಳಿಸಿತು. 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಮೇ ಜೆಮಿಸನ್ ಉಹುರಾಳನ್ನು ನೋಡುತ್ತಾ ಬೆಳೆದವರು. ಸುಮ್ನೆ ಕಾಲ ಕಳೆಯಲು ಮಾಡಿದ ಕತೆ ಇಷ್ಟು ಕೆಲಸ ಮಾಡಿದರೆ ಸಾಲದಾ?

ವಿರೋಧ: ವೇಷ ಕಾಪಾಡಿದ್ದು ನೋಡುಗನನ್ನು

ಮೇ ಜೆಮಿಸನ್ ಕಂಡದ್ದು ಯಾರನ್ನು? ಅರ್ಧ ಕಪ್ಪು, ಅರ್ಧ ಬಿಳಿ ಬಳಿದುಕೊಂಡವನನ್ನಲ್ಲ. ಒಬ್ಬ ಕಪ್ಪು ಹೆಣ್ಣುಮಗಳನ್ನು, ಅವಳದೇ ಮುಖದಲ್ಲಿ. ಪರ ವಾದದ ಒಳ್ಳೆಯ ಸಾಕ್ಷಿಯೇ ಈ ಕಡೆಯದು.

ಆ ಅರ್ಧರ್ಧ ಮುಖದ ಕಂತನ್ನೇ ಇನ್ನೊಮ್ಮೆ ನೋಡಿ. ಲೋಕಾಯ್‌ನ ಜನ ಗುಲಾಮರಾಗಿದ್ದವರು. ಬೀಲ್‌ನ ಜನ ಅವರ ಒಡೆಯರು. ಬೀಲ್ ಐವತ್ತು ಸಾವಿರ ವರ್ಷ ಅವನ ಬೆನ್ನು ಹತ್ತಿದ್ದಾನೆ. ಆದರೂ ಕತೆಯ ತೀರ್ಪು ಏನು? ಇಬ್ಬರಿಗೂ ದ್ವೇಷದ ಹುಚ್ಚು, ಇಬ್ಬರೂ ಸಮಾನ ತಪ್ಪಿತಸ್ಥರು. ಹೊಡೆದವನಿಗೂ ಹೊಡೆಸಿಕೊಂಡವನಿಗೂ ಒಂದೇ ಬುದ್ಧಿಮಾತು. 1969ರ ಅಮೆರಿಕದಲ್ಲಿ ಇದನ್ನು ಕೇಳಿ ಬಿಳಿಯ ನೋಡುಗ ಯಾಕೆ ಚಾನೆಲ್ ಬದಲಿಸುತ್ತಾನೆ? ಅವನಿಗೆ ಏನೂ ತಗುಲಲೇ ಇಲ್ಲವಲ್ಲ.

1968ರ ನವೆಂಬರ್‌ನಲ್ಲಿ ಕರ್ಕ್ ಉಹುರಾಳಿಗೆ ಕೊಟ್ಟ ಮುತ್ತಿನ ಬಗ್ಗೆ ಜನ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಅದೇನು ಇಷ್ಟಪಟ್ಟು ಕೊಟ್ಟದ್ದಾ? ಅನ್ಯಗ್ರಹದವರು ತಮ್ಮ ಮನಶ್ಶಕ್ತಿಯಿಂದ ಬಲವಂತವಾಗಿ ಕೊಡಿಸಿದ್ದು. ಇನ್ನು ಉಹುರಾಳ ಮೊದಲ ಹೆಸರು ನ್ಯೋಟಾ ಅಂತ ತೆರೆಯ ಮೇಲೆ ಕೇಳಿಸಲು 2009ರ ಸಿನಿಮಾ ಬರಬೇಕಾಯಿತು.

ನಮ್ಮವರ ವಿಷಯಕ್ಕೆ ಬಂದರೆ ‘ಸ್ಟಾರ್ ಟ್ರೆಕ್’ನ ಖಳನಾಯಕ ಖಾನ್ ನೂನಿಯನ್ ಸಿಂಗ್ ಇದ್ದಾನೆ. 1967ರ ಕಂತಿನಲ್ಲಿ ಹಡಗಿನ ಇತಿಹಾಸ ತಜ್ಞೆ ಅವನನ್ನು ನೋಡುತ್ತಲೇ ಉತ್ತರ ಭಾರತದವನು, ಬಹುಶಃ ಸಿಖ್ ಎನ್ನುತ್ತಾಳೆ. ಹೆಸರಿನಲ್ಲಿ ಖಾನ್ ಕೂಡ ಉಂಟು, ಸಿಂಗ್ ಕೂಡ ಉಂಟು. ತಲೆಗೆ ಪೇಟವಿಲ್ಲ, ಗಡ್ಡವಿಲ್ಲ. ಪೇಟ ಕಾಣುವುದು ಅವಳು ಬರೆದ ಚಿತ್ರದಲ್ಲಿ ಮಾತ್ರ! ಪಾತ್ರ ಮಾಡಿದವರು ಮೆಕ್ಸಿಕೊದ ರಿಕಾರ್ಡೊ ಮಾಂಟಲ್ಬಾನ್. ಒಳ್ಳೆಯ ನಟ, ಅದರಲ್ಲಿ ಎರಡು ಮಾತಿಲ್ಲ. 2013ರ ಸಿನಿಮಾದಲ್ಲಿ ಅದೇ ಖಾನ್ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಆದ. ಅಚ್ಚ ಬಿಳಿ ಇಂಗ್ಲಿಷಿನವನು. ಭಾರತದವನು ಅನ್ನೋದು ಬರೀ ಹೆಸರಿಗೆ ಉಳಿಯಿತು.

ಅನ್ಯಗ್ರಹದವರನ್ನು ತೋರಿಸಿ ಜನರ ಮನಸ್ಸು ದೊಡ್ಡದಾಯಿತು ಅನ್ನುವವರು 2022ರ ಮೇ ತಿಂಗಳನ್ನು ನೆನೆಸಿಕೊಳ್ಳಲಿ. ‘ಸ್ಟಾರ್ ವಾರ್ಸ್’ ಸಿನಿಮಾಗಳ ಲೋಕದ ‘ಒಬಿ-ವಾನ್ ಕೆನೋಬಿ’ ಧಾರಾವಾಹಿಯಲ್ಲಿ ನಟಿಸಿದ ಮೋಸೆಸ್ ಇಂಗ್ರಮ್ ಎಂಬ ಕಪ್ಪು ನಟಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಅಸಹ್ಯದ ಮೆಸೇಜುಗಳು ಬಂದವು. ಹೀಗಾಗಬಹುದು ಅಂತ ಕಂಪನಿಯವರೇ ಮೊದಲೇ ಎಚ್ಚರಿಸಿದ್ದರಂತೆ. ‘ಸ್ಟಾರ್ ವಾರ್ಸ್’ ಲೋಕದಲ್ಲಿ ಎರಡು ಕೋಟಿಗೂ ಹೆಚ್ಚು ಬಗೆಯ ಬುದ್ಧಿಜೀವಿಗಳಿದ್ದಾರೆ, ನೀವು ಜನಾಂಗದ್ವೇಷಿಗಳಾಗಬೇಡಿ ಅಂತ ಆ ಕಂಪನಿಯವರೇ ಟ್ವೀಟ್ ಮಾಡಬೇಕಾಯಿತು. ಹಸಿರು ಮೈಯವರು, ಮೀನಿನ ಮುಖದವರು, ಎಲ್ಲರನ್ನೂ ದಶಕಗಳಿಂದ ಒಪ್ಪಿಕೊಂಡು ಕೂತ ಅಭಿಮಾನಿಗಳಲ್ಲೇ ಕೆಲವರಿಗೆ ಒಬ್ಬ ಕಪ್ಪು ಹೆಂಗಸು ಜಾಸ್ತಿಯಾದಳು.

ವೇಷ ಕಳಚಿದಾಗ ಏನಾಗುತ್ತೆ ಅಂತ ‘ಸ್ಟಾರ್ ಟ್ರೆಕ್’ ತಾನೇ ಒಮ್ಮೆ ತೋರಿಸಿತು. 1998ರಲ್ಲಿ, ‘ಡೀಪ್ ಸ್ಪೇಸ್ ನೈನ್’ ಎಂಬ ಅದರ ಮುಂದಿನ ಧಾರಾವಾಹಿಯ ಒಂದು ಕಂತಿನಲ್ಲಿ. ಆ ಧಾರಾವಾಹಿಯ ಬಾಹ್ಯಾಕಾಶ ನಿಲ್ದಾಣದ ಮುಖ್ಯಸ್ಥ ಸಿಸ್ಕೋ ಕಪ್ಪು ಮನುಷ್ಯ. (ಕರ್ಕ್, ಆಮೇಲಿನ ಇನ್ನೊಂದು ಧಾರಾವಾಹಿಯ ಪಿಕಾರ್ಡ್, ಈ ಬಿಳಿಯರು ಮೊದಲ ದಿನದಿಂದಲೇ ಕ್ಯಾಪ್ಟನ್‌ಗಳು. ಇವನು 1993ರಲ್ಲಿ ಬಂದಾಗ ಬರೀ ಕಮಾಂಡರ್, ಬಡ್ತಿ ಸಿಕ್ಕಿದ್ದು 1995ರಲ್ಲಿ.) ಈ ಕಂತಿನಲ್ಲಿ ಸಿಸ್ಕೋ 1953ರ ನ್ಯೂಯಾರ್ಕ್‌ನ ಬೆನ್ನಿ ರಸೆಲ್ ಆಗುತ್ತಾನೆ, ಒಂದು ವೈಜ್ಞಾನಿಕ ಕತೆಗಳ ಪತ್ರಿಕೆಯ ಬರಹಗಾರ. ನಿರ್ದೇಶಿಸಿದವರು ಸಿಸ್ಕೋ ಪಾತ್ರದ ಏವರಿ ಬ್ರೂಕ್ಸ್ ಅವರೇ. ವರ್ಷಗಟ್ಟಲೆ ರಬ್ಬರ್ ಮುಖ ಹೊತ್ತ ನಟರೆಲ್ಲ ಇಲ್ಲಿ ಸ್ವಂತ ಮುಖದಲ್ಲಿದ್ದಾರೆ. ಬೆನ್ನಿಯನ್ನು ಬಡಿಯುವ ಪೊಲೀಸರೂ ಅವರಲ್ಲೇ ಇಬ್ಬರು.

ಓದುಗರು ಬರಹಗಾರರ ಫೋಟೋ ಕೇಳಿದ್ದಾರೆ. ಫೋಟೋ ತೆಗೆಯುವ ದಿನ ಬೆನ್ನಿಗೂ, ಅಲ್ಲಿದ್ದ ಒಬ್ಬಳೇ ಬರಹಗಾರ್ತಿಗೂ ಸಂಪಾದಕನ ಸಲಹೆ: ಅವತ್ತು ಬೆಳಗ್ಗೆ ನೀವು ತಡವಾಗಿ ಏಳಿ. ಬೆನ್ನಿ ಕಪ್ಪು ಕ್ಯಾಪ್ಟನ್ ಇರುವ ಕತೆ ಬರೆದಾಗಲೂ ಸಂಪಾದಕ ಅದು ನಡೆಯಲ್ಲ ಎನ್ನುತ್ತಾನೆ. ಆಗ ಜೊತೆಯವನೊಬ್ಬ ಉಪಾಯ ಹೇಳುತ್ತಾನೆ. ಅದೆಲ್ಲ ಯಾರೋ ಕಂಡ ಕನಸು ಅಂತ ಮಾಡಿಬಿಡು, ಆಗ ಯಾರಿಗೂ ಚುಚ್ಚಲ್ಲ. ಬೆನ್ನಿ ಅದಕ್ಕೂ ಒಪ್ಪುತ್ತಾನೆ. ಕತೆ ಅಚ್ಚಿಗೆ ಹೋಗುತ್ತದೆ. ಪ್ರಕಾಶಕ ಅದನ್ನು ಓದಿ ಆ ತಿಂಗಳ ಇಡೀ ಸಂಚಿಕೆಯನ್ನೇ ರದ್ದಿಗೆ ಹಾಕಿಸುತ್ತಾನೆ. ಬೆನ್ನಿಯ ಕೆಲಸವೂ ಹೋಗುತ್ತದೆ.