ಸಿಂಗಾಪುರದಾಗ ಹಿಂಗಿಲ್ಲ ನೋಡ್ರಿ

ಮೊನ್ನೆ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೊರಟಿದ್ದೆವು. ಪಕ್ಕದ ಸೀಟಿನಲ್ಲಿ ಕಾಲೇಜು ಹುಡುಗನೊಬ್ಬ ಪೇಪರ್ ಬಿಚ್ಚಿ ಮಿರ್ಚಿ ಭಜಿ ತಿನ್ನುತ್ತಿದ್ದ. ಬಸ್ ತುಂಬ ಘಮಘಮ. ನಮ್ಮ ಕಾಕಾ ಸುಮ್ನಿರಲಿಲ್ಲ. "ತಮ್ಮಾ, ಸಿಂಗಾಪುರದಾಗ ರೈಲಿನಾಗ ಕುಂತ ತಿಂದ್ರ 500 ಡಾಲರ್ ತನಾ ದಂಡ ಹಾಕ್ತಾರ, ಗೊತ್ತೈತೇನು? ನಮ್ಮ ರೊಕ್ಕದಾಗ ಮೂವತ್ತ ಸಾವಿರದ ಮ್ಯಾಲ ಆತು!" ಹುಡುಗ ಅವರನ್ನೊಮ್ಮೆ, ಭಜಿಯನ್ನೊಮ್ಮೆ ನೋಡಿದ. "ಇಲ್ಲಿ ದಂಡ ಇಲ್ಲರೀ ಅಜ್ಜಾರ, ಒಂದ್ ತಗೋರಿ" ಅಂತ ಪೇಪರ್ ಮುಂದೆ ಹಿಡಿದ. ಕಾಕಾ ಎರಡು ತಗೊಂಡರು.

ಸಿಂಗಾಪುರದಿಂದ ಬಂದಾಗಿನಿಂದ ಇದೇ ಕಥೆ. ಸಂತೆಯಲ್ಲಿ ಯಾರೋ ನುಗ್ಗಿದರೆ "ಸಿಂಗಾಪುರದಾಗ ಹಿಂಗಿಲ್ಲ ನೋಡ್ರಿ". ಗೋಡೆಗೆ ಯಾರೋ ಉಗುಳಿದರೆ "ಸಿಂಗಾಪುರದಾಗ ಹಿಂಗಿಲ್ಲ ನೋಡ್ರಿ". ಮೊನ್ನೆ ಮಳೆ ಬಂದಾಗಲೂ ಅದನ್ನೇ ಅಂದರು. ಅಲ್ಲಿಯೂ ಮಳೆ ಇಲ್ಲೂ ಮಳೆ, ಅದರಲ್ಲೇನು ಫರಕು ಅಂತ ಕೇಳಿದರೆ, "ಅಲ್ಲಿ ನೀರು ನಿಲ್ಲಂಗಿಲ್ಲೋ" ಅಂತ ನಮ್ಮ ಓಣಿಯ ಗುಂಡಿ ತೋರಿಸಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಆ ಮಾತು ಬೇರೆ.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸೋಕೆ ಆಗದ್ದು ಏನಂದರೆ, ಇದೇ ಮನುಷ್ಯ ಅಲ್ಲಿ ಇದ್ದಷ್ಟು ದಿನ ಹುಬ್ಬಳ್ಳಿ ಬಿಟ್ಟು ಬೇರೆ ಮಾತೇ ಆಡಿರಲಿಲ್ಲ.

ಕಾಕಾ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ನಾನು, ನನ್ನ ಹೆಂಡತಿ ಸಿಂಗಾಪುರಕ್ಕೆ ಹೊರಟಾಗ "ನನ್ನ ಪಾಸ್‌ಪೋರ್ಟೂ ಸುಮ್ನ ಬಿದ್ದೈತಿ" ಅಂದರು. ಕಾಕುನ ಕರೆದರೆ "ನಾ ಒಲ್ಲೆವ್ವಾ, ಇವರನ್ನ ನಾಕ ದಿನ ನೀವ ಸಂಭಾಳಿಸ್ರಿ, ನಾ ಆರಾಮ ಇರ್ತೀನಿ" ಅಂತ ಬಹಳ ಸಂತೋಷದಿಂದ ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಆ ಸಂತೋಷದ ಅರ್ಥ ಚಾಂಗಿ ವಿಮಾನ ನಿಲ್ದಾಣದಲ್ಲೇ ತಿಳಿಯಿತು. ಅಲ್ಲಿ ಜ್ಯುವೆಲ್ ಅಂತ ಗಾಜಿನ ಕಟ್ಟಡ, ಅದರ ಛಾವಣಿಯಿಂದ 40 ಮೀಟರ್ ಕೆಳಗೆ ನೀರು ಧುಮುಕುತ್ತದೆ. ಜಗತ್ತಿನಲ್ಲೇ ಅತಿ ಎತ್ತರದ ಒಳಾಂಗಣ ಜಲಪಾತ. ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ಕಾಕಾ ಕತ್ತೆತ್ತಿ ನೋಡಿ, "ಗೋಕಾಕ ಇದಕಿಂತ ಎತ್ತರ ಐತಿ" ಅಂದರು. ನಿಜ, ಗೋಕಾಕ ಜಲಪಾತ 52 ಮೀಟರ್. ಸುಳ್ಳಾದರೂ ಹೇಳಿದ್ದರೆ ಜಗಳ ಮಾಡಬಹುದಿತ್ತು.

ಮೆಟ್ರೋ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಅಂಚಿಗೆ ಗಾಜಿನ ಬಾಗಿಲು. ರೈಲು ಬಂದಾಗ ಮಾತ್ರ ತೆರೆಯುತ್ತವೆ. "ನಮ್ಮ ಚಿಗರಿ ಸ್ಟಾಪಿನಾಗ ಇದ್ದಂಗ." ಪ್ಲಾಟ್‌ಫಾರ್ಮ್ ನೋಡಿ ಮೂಗು ಮುರಿದರು. "ಇಷ್ಟ? ನಮ್ಮ ಹುಬ್ಬಳ್ಳಿದು 1507 ಮೀಟರ್. ಜಗತ್ತಿನಾಗ ನಂಬರ್ ಒನ್." ಪಕ್ಕದಲ್ಲಿ ನಿಂತಿದ್ದ ಚೀನಿ ಹೆಂಗಸು ಯಾಕೋ ತಲೆಯಾಡಿಸಿ ನಕ್ಕಳು. ಅಷ್ಟು ಸಾಕಾಯಿತು, ಸಿದ್ಧಾರೂಢ ಸ್ವಾಮಿಗಳ ಹೆಸರಿನ ಸ್ಟೇಷನ್ ಅದು ಅನ್ನೋದರಿಂದ ಹಿಡಿದು ಎಲ್ಲವನ್ನೂ ಆಕೆಗೆ ಕನ್ನಡದಲ್ಲೇ ವಿವರಿಸಿದರು.

ಹೋಟೆಲ್ ರೂಮಿನದು ಇನ್ನೊಂದು ರಗಳೆ. ಮೊದಲ ದಿನ ಬೆಳಿಗ್ಗೆ ಕಾಕಾನ ರೂಮಿಗೆ ಹೋದರೆ ಕಾಲಿಡಲು ಜಾಗ ಇರಲಿಲ್ಲ. ಕೆಟಲ್ ತುಂಬ ನೀರು. ಚಹಾದ ಕಪ್ಪು, ಗ್ಲಾಸು ಎಲ್ಲದರಲ್ಲೂ ನೀರು. ಕಸದ ಬುಟ್ಟಿಯನ್ನೂ ತೊಳೆದು ತುಂಬಿಸಿ ಮೇಲೊಂದು ಟವೆಲ್ ಮುಚ್ಚಿದ್ದರು. "ಕಾಕಾ, ಇಲ್ಲಿ ಇಪ್ಪತ್ನಾಕ ತಾಸೂ ನಳಾ ಬರ್ತದರೀ" ಅಂದೆ. "ಇವತ್ತ ಬಂದೈತಿ. ನಾಳೆ ಬಿಡ್ತಾರೋ ಇಲ್ಲೋ?" ಹುಬ್ಬಳ್ಳಿಯಲ್ಲಿ ನಳದ ದಾರಿ ಕಾಯ್ದು ಡ್ರಮ್ಮು ತುಂಬಿಸಿದವರಿಗೆ ಈ ಪ್ರಶ್ನೆ ತಪ್ಪು ಅಂತ ಹೆಂಗೆ ಹೇಳೋದು? ಸಿಂಗಾಪುರವೂ ಒಂದಿಷ್ಟು ನೀರನ್ನು ಪೈಪಿನಲ್ಲಿ ಪಕ್ಕದ ಮಲೇಷಿಯಾದಿಂದ ತರಿಸಿಕೊಳ್ಳುತ್ತದೆ, ಬಳಸಿದ ನೀರನ್ನೇ ಶುದ್ಧ ಮಾಡಿ ಮತ್ತೆ ಬಳಸುತ್ತದೆ ಅಂತ ಹೇಳಿದೆ. "ಅಂದ್ರ ನಮಗ ಮಲಪ್ರಭಾ, ಇವರಿಗೆ ಮಲೇಷಿಯಾ" ಅಂತ ಇನ್ನೊಂದು ಗ್ಲಾಸು ತುಂಬಿಸಿಟ್ಟರು.

ಹೊರಗೆ ಬಿಸಿಲು, ಬೆವರು. ಒಳಗೆ ಹಲ್ಲು ಕಟಕಟ ಅನ್ನೋ ಎಸಿ. ಮಾಲಿನಿಂದ ಹೊರಗೆ ಕಾಲಿಟ್ಟರೆ ಕನ್ನಡಕದ ತುಂಬ ಮಂಜು. ನಾವು ಸಿಂಗಾಪುರದ ಅರ್ಧ ಭಾಗವನ್ನು ಕನ್ನಡಕ ಒರೆಸುತ್ತಲೇ ನೋಡಿದ್ದೇವೆ. ಸೂರ್ಯ ಹುಟ್ಟೋದು ಏಳು ಗಂಟೆಗೆ. 1982ರಲ್ಲಿ ಗಡಿಯಾರವನ್ನು ಅರ್ಧ ತಾಸು ಮುಂದೆ ಇಟ್ಟುಕೊಂಡಿದ್ದಾರಂತೆ. ಐದಕ್ಕೆ ಎದ್ದು ಕೂತ ಕಾಕಾ ಕಿಟಕಿಯ ಕತ್ತಲೆ ನೋಡುತ್ತ ನಮ್ಮ ಬಾಗಿಲು ಬಡಿಯುತ್ತಿದ್ದರು.

ಒಂದೇ ಒಂದು ಕಡೆ ಅವರ ಬಾಯಿ ಕಟ್ಟಿತು. ಲಿಟಲ್ ಇಂಡಿಯಾದಿಂದ ನಾರ್ತ್ ಈಸ್ಟ್ ಲೈನಿನ ರೈಲು ಹತ್ತಿದೆವು. 2003ರಲ್ಲಿ ಶುರುವಾದ ಮಾರ್ಗ, ಡ್ರೈವರ್ ಇಲ್ಲದೆ ಓಡೋ ರೈಲು. ಕಾಕಾ ಡ್ರೈವರನ್ನು ನೋಡಬೇಕು ಅಂತ ಮುಂದಿನ ಬೋಗಿಯ ತುದಿಗೆ ಹೋದರು. ಅಲ್ಲಿ ಕ್ಯಾಬಿನ್ ಇಲ್ಲ, ಗಾಜು ಅಷ್ಟೇ. ಗಾಜಿನಾಚೆ ಸುರಂಗ. ಒಂದು ಚಿಕ್ಕ ಹುಡುಗ ಗಾಜಿಗೆ ಮೂಗು ಒತ್ತಿ ತಾನೇ ರೈಲು ಓಡಿಸುತ್ತಿದ್ದ. ಕಾಕಾ ಅವನ ಪಕ್ಕ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಬ್ರೇಕಿನ ಸಪ್ಪಳಾ ಒಂದೀಟ ಬ್ಯಾರೆ ಬಂದ್ರ ಯಾರಿಗ ಗೊತ್ತಾಗತೈತೋ?" ಅಂತ ಕೇಳಿದರು. ಗಾಲಿಗೆ ಸುತ್ತಿಗೆಯಿಂದ ಬಡಿದು, ಬರೋ ದನಿಯ ಮೇಲೆ ಬಿರುಕು ಐತೋ ಇಲ್ಲೋ ಅಂತ ಹೇಳಿ ಹೊಟ್ಟೆ ಹೊರೆದ ಮನುಷ್ಯ. ರಿಟೈರ್ ಆದ ಮೇಲೂ ರಾತ್ರಿ ರೈಲಿನ ಸದ್ದು ಕೇಳಿ ಮಗ್ಗಲು ಬದಲಿಸುತ್ತಾರೆ ಅಂತ ಕಾಕು ಹೇಳುತ್ತಿರುತ್ತಾರೆ. "ಡಿಪೋದಾಗ ಮನುಷ್ಯಾರ ಇರ್ತಾರ ಕಾಕಾ, ಅವರು ನೋಡ್ತಾರ" ಅಂದೆ. "ಹಾಂ, ಇರಬೇಕು" ಅಂದರು. ಇಳಿಯೋ ತನಕ ಹುಬ್ಬಳ್ಳಿ ಅನ್ನಲೇ ಇಲ್ಲ.

ಅದರ ಮರುದಿನ ಅವರು ಮೊದಲಿನ ಹಾಗೆ ಆದರು. ಆಗಿದ್ದು ಲಾವ್ ಪಾ ಸಾಟ್‌ನಲ್ಲಿ. 1894ರ ಎಂಟು ಮೂಲೆಯ ಹಳೇ ಮಾರುಕಟ್ಟೆ, ಈಗ ಊಟದ ಅಂಗಡಿಗಳ ಜಾಗ. ಕಂಬಗಳು ಗ್ಲಾಸ್ಗೋದಿಂದ ಹಡಗಿನಲ್ಲಿ ತರಿಸಿದ ಎರಕದ ಕಬ್ಬಿಣ. ಕಾಕಾ ಒಂದೊಂದು ಕಂಬಕ್ಕೂ ಬೆರಳ ಗೆಣ್ಣಿನಿಂದ ಬಡಿದು "ಮಾಲು ಚಲೋ ಐತಿ" ಅಂತ ಪಾಸು ಮಾಡಿದರು. ಮಧ್ಯಾಹ್ನದ ಹೊತ್ತು. ಸುತ್ತಲಿನ ಬ್ಯಾಂಕು, ಆಫೀಸುಗಳ ಮಂದಿಯೆಲ್ಲ ಅಲ್ಲೇ. "ನೀವು ಜಾಗಾ ಹಿಡೀರಿ" ಅಂತ ಅವರಿಗೆ ಹೇಳಿ ನಾವಿಬ್ಬರೂ ಪರೋಟಾ ಪಾಳಿಗೆ ನಿಂತೆವು.

ತಿರುಗಿ ಬಂದರೆ ಕಾಕಾನ ಜುಬ್ಬಾದ ಎರಡೂ ಕಿಸೆ ಉಬ್ಬಿವೆ. "ಎಂಥಾ ಚಲೋ ಮಂದಿ ನೋಡೋ! ಖಾಲಿ ಟೇಬಲ್ ಮ್ಯಾಲ ಒಂದೊಂದ ಟಿಶ್ಯೂ ಪಾಕೀಟ ಪುಕ್ಕಟೆ ಇಟ್ಟಾರ. ನಿಮ್ಮ ಕಾಕುಗೂ ಆತು, ಓಣ್ಯಾಗಿನ ಮಂದಿಗೂ ಆತು."

ನನ್ನ ಎದೆ ಧಸಕ್ ಅಂದಿತು. ಅಲ್ಲಿ ಟೇಬಲ್ ಮೇಲೆ ಟಿಶ್ಯೂ ಪಾಕೀಟು ಇಟ್ಟರೆ ಆ ಜಾಗ ಹಿಡಿದ ಹಾಗೆ. ಇಟ್ಟವರು ಊಟ ತರೋಕೆ ಹೋಗಿರುತ್ತಾರೆ, ಬೇರೆ ಯಾರೂ ಕೂರೋದಿಲ್ಲ. ಕಾಕಾ ಒಂದು ಸಾಲನ್ನೇ ಖುಲ್ಲಾ ಮಾಡಿದ್ದರು. ಖಾಲಿ ಕಂಡ ಕಡೆ ಬೇರೆಯವರು ಕೂತು ನೂಡಲ್ಸ್ ಎಳೆಯುತ್ತಿದ್ದರು. ಮೊದಲು ಹಿಡಿದವರು ಬಿಸಿ ಬಿಸಿ ತಟ್ಟೆ ಹಿಡಿದು ತಮ್ಮ ಟೇಬಲ್ ಎಲ್ಲಿ ಅಂತ ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ಯಾರೂ ಬೈಯಲಿಲ್ಲ, ಅದೇ ದೊಡ್ಡ ಹಿಂಸೆ. ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡ ಹುಡುಗಿಯೊಬ್ಬಳ ಕೈ ಮೇಲೆ ಸೂಪು ತುಳುಕಿತು. ಕಾಕಾಗೆ ಅಯ್ಯೋ ಅನ್ನಿಸಿ ಕಿಸೆಯಿಂದ ಒಂದು ಪಾಕೀಟು ತೆಗೆದು ಕೊಟ್ಟರು. ಬೆಕ್ಕಿನ ಚಿತ್ರದ ಪಾಕೀಟು. ಆಕೆ ಅದನ್ನು ನೋಡಿದಳು, ಕಾಕಾನನ್ನು ನೋಡಿದಳು, ಮತ್ತೆ ಪಾಕೀಟು ನೋಡಿದಳು. ಅದು ಆಕೆಯದೇ. "ಥ್ಯಾಂಕ್ಯೂ ಅಂಕಲ್" ಅಂದಳು, ಪುಣ್ಯಾತ್ಗಿತ್ತಿ.

ಕಾಕಾನಿಗೆ ತಿಳಿಸಿ ಹೇಳೋಕೆ ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ನಮ್ಮ ಬಸ್ ಸ್ಟ್ಯಾಂಡಿನಾಗ ಕಿಟಕ್ಯಾಗಿಂದ ಟವೆಲ್ ಒಗಿತಾರಲ್ಲ, ಅದ ಇದು" ಅಂದೆ. ಅವರ ಮುಖ ಬಿಳಚಿಕೊಂಡಿತು. ನವಲಗುಂದ ಬಸ್ಸಿಗೆ ಜೀವನಪೂರ್ತಿ ಟವೆಲ್ ಒಗೆದವರು. ಇನ್ನೊಬ್ಬರ ಟವೆಲ್ ತೆಗೆಯೋದು ಎಂಥ ಪಾಪ ಅಂತ ಅವರಿಗೆ ಗೊತ್ತು. "ಮೊದಲ ಹೇಳಬಾರದೇನೋ ಹುಚ್ಚಪ್ಪಾ!" ಅಂದವರೇ ಪಾಕೀಟು ವಾಪಸ್ ಇಡೋಕೆ ಓಡಿದರು.

ಇಲ್ಲಿಂದ ಕೆಲಸ ಪೂರ್ತಿ ಕೆಟ್ಟಿತು. ಎಂಟು ಮೂಲೆಯ ಕಟ್ಟಡ, ಎಲ್ಲ ದಿಕ್ಕೂ ಒಂದೇ ಥರ. ಯಾವ ಪಾಕೀಟು ಯಾವ ಟೇಬಲ್ಲಿಂದು ಅಂತ ಆ ದೇವರಿಗೂ ಗೊತ್ತಿಲ್ಲ. ಕಾಕಾ ಖಾಲಿ ಕಂಡ ಟೇಬಲ್ಲಿಗೆಲ್ಲ ಒಂದೊಂದು ಇಡುತ್ತ ಹೋದರು. ಈಗ ಯಾರೂ ಹಿಡಿಯದ ಟೇಬಲ್ಲುಗಳೆಲ್ಲ ಹಿಡಿದಂತಾದವು. ಕಣ್ಣೆದುರೇ ಖಾಲಿ ಕುರ್ಚಿ, ಮೇಲೆ ಒಂದು ಪಾಕೀಟು, ಸುತ್ತ ತಟ್ಟೆ ಹಿಡಿದು ಗಿರಗಿರ ತಿರುಗುವ ಮಂದಿ. ಒಬ್ಬನಾದರೂ ಆ ಪಾಕೀಟು ಸರಿಸಿ ಕೂರಬೇಕಲ್ಲ? ಊಹುಂ. ಇಲ್ಲದ ಯಜಮಾನನಿಗಾಗಿ ಶಿಸ್ತಾಗಿ ಕಾಯ್ದರು. ನಾವು ನಿಂತೇ ಪರೋಟಾ ಮುಗಿಸಿ, ತಟ್ಟೆ ಒಯ್ದು ಇಡೋ ಜಾಗದಲ್ಲಿ ಇಟ್ಟೆವು. ಇಡದಿದ್ದರೆ ಅದಕ್ಕೂ ದಂಡದ ಭಯ, 2021ರಿಂದ. "ಉಂಡ ಮ್ಯಾಲ ತಾಟು ನಾವ ಎತ್ತೋದಾದ್ರ ಮನ್ಯಾಗ ಏನ ಫರಕು?" ಅಂದರು ಕಾಕಾ. ಮನೆಯಲ್ಲಿ ಯಾವತ್ತು ಎತ್ತಿದ್ದಾರೆ ಅಂತ ನನ್ನ ಹೆಂಡತಿ ನನ್ನ ಕಿವಿಯಲ್ಲಿ ಕೇಳಿದಳು.

ಇಂಥ ಮನುಷ್ಯ ಈಗ ಊರಿಗೆಲ್ಲ ಸಿಂಗಾಪುರದ ಶಿಸ್ತು ಹೇಳಿಕೊಡುತ್ತಾರೆ! ಟಿಶ್ಯೂ ಕಥೆಯನ್ನೂ ಹೇಳುತ್ತಾರೆ. ಅವರ ಕಥೆಯಲ್ಲಿ ಪಾಕೀಟು ಎತ್ತಿದವನು ನಾನು, ಬೈದು ವಾಪಸ್ ಇಡಿಸಿದವರು ಅವರು.

ಹೋದ ವಾರ ಕೇಶ್ವಾಪುರದಲ್ಲಿ ಒಂದು ಮದುವೆ. ಊಟದ ಪಂಕ್ತಿ ಅಂದರೆ ಗೊತ್ತಲ್ಲ, ಉಣ್ಣುವವರ ಬೆನ್ನಿಗೆ ನಿಂತು ಅವರ ಮಜ್ಜಿಗೆ ಯಾವಾಗ ಮುಗಿಯುತ್ತದೆ ಅಂತ ಕಾಯೋದು. ಕಾಕಾ ಹಾಗೆ ನಿಲ್ಲಲಿಲ್ಲ. ಹಾಸಿದ ಎಲೆಯ ಪಕ್ಕ ಒಂದು ಟಿಶ್ಯೂ ಪಾಕೀಟು ಇಟ್ಟು, ನನ್ನ ಕಡೆ ಹುಬ್ಬು ಹಾರಿಸಿ ಕೈ ತೊಳೆಯೋಕೆ ಹೋದರು. ಬರೋದರೊಳಗೆ ಗದಗಿನ ಕಡೆಯ ದೊಡ್ಡಾಳೊಬ್ಬರು ಕೂತು, ಪಾಕೀಟು ಒಡೆದು, ಎಲೆಯ ನೀರು ಒರೆಸುತ್ತಿದ್ದರು. "ಸಿಂಗಾಪುರದಾಗ ಹಿಂಗ ಪಾಕೀಟ ಇಟ್ರ..." ಅಂತ ಕಾಕಾ ಶುರು ಮಾಡಿದರು. ಅವರು ಎಲೆಯಿಂದ ತಲೆ ಎತ್ತದೇ, "ಹಂಗಾರ ಅಲ್ಲೇ ಉಂಡ ಬರಬೇಕಿತ್ರೆಲ್ಲ" ಅಂದರು.

ಮುಂದಿನ ಪಂಕ್ತಿಗೆ ಹೋಳಿಗೆ ಮುಗಿದಿತ್ತು. ಬುಂದೆ ಲಾಡು ಕೊಟ್ಟರು. ಕಾಕಾ ಅದನ್ನೂ ನನ್ನ ಲೆಕ್ಕಕ್ಕೇ ಹಚ್ಚಿದ್ದಾರೆ. "ಕರಕೊಂಡ ಹೋದಾವ ನೀನ ಅಲ್ಲೇನು?"